ಹತ್ತಿ ಹೊತ್ತ ಹಡಗಿನ ನಡುತುಂಡು: ಮನೆಯಲ್ಲೇ ಕಟ್ಟುವ ಬಗೆ

ಕಟ್ಟಿಗೆಯ ಹಡಗಿನ ಮಾದರಿ ಮಾಡಲು ಹೊರಟವರು ಹೆಚ್ಚಾಗಿ ಸೋಲುವುದು ಅದರ ಮೂತಿಯಲ್ಲಿ ಮತ್ತು ಹಿಂಬದಿಯಲ್ಲಿ. ಅಲ್ಲಿ ಪ್ರತಿ ಹಲಗೆಯೂ ಬಾಗಬೇಕು, ತಿರುಚಿಕೊಳ್ಳಬೇಕು, ತುದಿಗೆ ಹೋದಂತೆ ಸಪೂರವಾಗಬೇಕು. ಉಮೇದಿನಿಂದ ಶುರುವಾದ ಕೆಲಸ ಅಲ್ಲಿಗೆ ಬಂದು ನಿಂತರೆ ಅರ್ಧ ಹಡಗು ಅಟ್ಟ ಸೇರುತ್ತದೆ. ಇದಕ್ಕೊಂದು ಸರಳ ಪರಿಹಾರವಿದೆ. ಪೂರ್ತಿ ಹಡಗಿನ ಆಸೆ ಸದ್ಯಕ್ಕೆ ಬಿಟ್ಟು, ಅದರ ಹೊಟ್ಟೆಯ ಭಾಗದ ಒಂದು ತುಂಡನ್ನಷ್ಟೇ ಕಟ್ಟುವುದು. ಎರಡೂ ಕಡೆ ಗರಗಸ ಹಾಕಿ ಕೊಯ್ದು ತೆಗೆದಂತೆ ಕಾಣುವ ಈ ನಡುತುಂಡಿನಲ್ಲಿ ತಳದ ತೊಲೆ, ಪಕ್ಕೆಲುಬು, ಹೊರಹಲಗೆ, ಅಡ್ಡತೊಲೆ, ಮೇಲಿನ ಅಟ್ಟ, ಸರಕಿನ ಉಗ್ರಾಣ ಎಲ್ಲವೂ ಇರುತ್ತವೆ. ಹಡಗಿನ ಬಡಗಿತನದ ಮುಕ್ಕಾಲು ಪಾಲು ಇದರಲ್ಲೇ ಕಲಿಯಲು ಸಿಗುತ್ತದೆ. ಹಲಗೆ ಬಗ್ಗಿಸುವ ತಾಪತ್ರಯ ಮಾತ್ರ ಇಲ್ಲ.

ಪೂರ್ತಿ ಮಾದರಿಯಲ್ಲಿ ಒಳಗಿನ ಕೆಲಸ ಮುಚ್ಚಿಹೋಗುತ್ತದೆ, ನಡುತುಂಡಿನಲ್ಲಿ ಒಳಗಿನದೇ ಪ್ರದರ್ಶನ. ಜಾಗವೂ ಹೆಚ್ಚು ಬೇಡ, ಪುಸ್ತಕದ ಕಪಾಟಿನ ಒಂದು ಮೂಲೆ ಸಾಕು.

ಹುಬ್ಬಳ್ಳಿ-ಧಾರವಾಡಕ್ಕೆ ಯಾವ ಹಡಗು?

ಮಾದರಿ ಕಟ್ಟುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಯುದ್ಧನೌಕೆಗಳ ಬೆನ್ನು ಹತ್ತುತ್ತಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಾಟಿ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆಹೊಲದಲ್ಲಾದರೂ ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಬಿದ್ದ ಹೆಸರು ‘ಕುಮಟಾ’. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ಸಾಗಾಟ ವಿಪರೀತ ಏರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಲೆಕ್ಕಾಚಾರವೂ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ಮಾರ್ಮಗೋವಾ ಬಂದರಿಗೆ ಹಳಿ ಕೂಡಿದ ಮೇಲೆ ಕುಮಟಾದ ಕಳೆ ಇಳಿಯಿತು.

ಆ ಕಾಲದಲ್ಲಿ ಪಡುವಣ ಕರಾವಳಿಯ ಸರಕು ಸಾಗಿಸುತ್ತಿದ್ದ ಹೆಸರಾಂತ ಹಡಗು ಪತ್ತೆಮಾರಿ. ಎರಡು ಅಥವಾ ಮೂರು ಕೂವೆಮರ, ತ್ರಿಕೋನದಂಥ ಹಾಯಿ, ಮುಂದಕ್ಕೆ ಚಾಚಿದ ಉದ್ದ ಮೂತಿ ಇದರ ಗುರುತು. 1834ರಲ್ಲಿ ಜಾನ್ ಎಡೈ ಎಂಬ ಇಂಗ್ಲಿಷ್ ಹಡಗು ತಜ್ಞ ನಮ್ಮ ಕರಾವಳಿಯ ನೌಕೆಗಳ ವಿವರಗಳನ್ನು ಪ್ರಕಟಿಸಿದ. ಅದರ ಪ್ರಕಾರ ದೊಡ್ಡ ಪತ್ತೆಮಾರಿಯ ಉದ್ದ ಸುಮಾರು 76 ಅಡಿ, ಅಗಲ 21 ಅಡಿಗೂ ಮಿಕ್ಕಿ, ಆಳ 12 ಅಡಿಯ ಹತ್ತಿರ, ಹೊರುವ ಭಾರ ಸುಮಾರು 200 ಟನ್. ಕಾಡುಮರದ ಪಕ್ಕೆಲುಬುಗಳ ಮೇಲೆ ಸಾಗವಾನಿ ಹಲಗೆ ಕೂಡಿಸಿ ಮೊಳೆ, ಬೋಲ್ಟು ಹೊಡೆದು ಕಟ್ಟುತ್ತಿದ್ದರು.

ಈ ಮೊಳೆಯ ವಿಷಯ ಮಾದರಿಕಾರರಿಗೆ ಮುಖ್ಯ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ಹಡಗು ಇದಕ್ಕೆ ಪೂರ್ತಿ ಭಿನ್ನ. ಅಜಂತಾದ 5ನೇ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಗೋವಾದಲ್ಲಿ ಕಟ್ಟಿದ ಅದರಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ. ಕೇರಳದ ಬಾಬು ಶಂಕರನ್ ಅದರ ಮೇಸ್ತ್ರಿ. ಹೊಲಿದ ಹಡಗಿನಲ್ಲಿ ಮೊದಲು ಹೊರಗಿನ ಹಲಗೆಗಳ ಚಿಪ್ಪು ಎದ್ದು ನಿಲ್ಲುತ್ತದೆ, ಪಕ್ಕೆಲುಬು ಆಮೇಲೆ ಒಳಗೆ ಸೇರುತ್ತದೆ. ನಾವು ಮಾದರಿಯಲ್ಲಿ ಹಿಡಿಯುವ ಕ್ರಮ ಇದರ ಉಲ್ಟಾ: ಮೊದಲು ಪಕ್ಕೆಲುಬು, ನಂತರ ಹಲಗೆ. ಹೊಸಬರಿಗೆ ಇದೇ ಸಲೀಸು, ಏಕೆಂದರೆ ಪಕ್ಕೆಲುಬಿನ ಆಕಾರ ಸರಿ ಬಂದರೆ ಹಡಗಿನ ಆಕಾರ ತಾನಾಗಿಯೇ ಸರಿ ಬರುತ್ತದೆ.

ಅಳತೆ: ಅಡಿಗೆ ಅರ್ಧ ಇಂಚು

1:24 ಪ್ರಮಾಣ ಹಿಡಿಯಿರಿ. ನಿಜದ ಒಂದು ಅಡಿ ಮಾದರಿಯಲ್ಲಿ ಅರ್ಧ ಇಂಚಾಗುತ್ತದೆ. ನಮ್ಮ ಬಡಿಗೇರರು ಒಂದು ಇಂಚನ್ನು ಎಂಟು ಸೂತ ಮಾಡುತ್ತಾರಲ್ಲ, ಆ ಲೆಕ್ಕಕ್ಕೆ ಇದು ಚೊಕ್ಕವಾಗಿ ಕೂಡುತ್ತದೆ. ನಿಜದ ಮೂರು ಇಂಚಿಗೆ ಮಾದರಿಯಲ್ಲಿ ಒಂದು ಸೂತ. ಮಿಲಿಮೀಟರಿನಲ್ಲಿ ಹೇಳುವುದಾದರೆ ಒಂದು ಸೂತಕ್ಕೆ 3 ಮಿ.ಮೀ.ಗಿಂತ ತುಸು ಹೆಚ್ಚು.

ಅಗಲ ಇಪ್ಪತ್ತೊಂದೂವರೆ ಅಡಿ, ಅಟ್ಟದವರೆಗಿನ ಆಳ 12 ಅಡಿ ಎಂದಿಟ್ಟುಕೊಂಡರೆ ಮಾದರಿ 10¾ ಇಂಚು ಅಗಲ, 6 ಇಂಚು ಆಳ ಬರುತ್ತದೆ. ಅಟ್ಟದ ಮೇಲೆ ಅಂಚಿನ ತಡೆಗೋಡೆಗೆಂದು ಇನ್ನೊಂದು ಇಂಚು ಸೇರಿಸಿ. ಒಳಭಾಗಗಳನ್ನು ಈ ಅಳತೆಗೆ ಒಪ್ಪುವಂತೆ ಹೀಗೆ ಇಟ್ಟುಕೊಳ್ಳಬಹುದು:

- ತಳದ ತೊಲೆ, ಅಂದರೆ ಕೀಲ್: ಅಗಲ 4 ಸೂತ, ಎತ್ತರ 5 ಸೂತ
- ಪಕ್ಕೆಲುಬು: ದಪ್ಪ 2 ಸೂತ, ತಳದಲ್ಲಿ 3 ಸೂತ ಅಗಲ, ಮೇಲೆ ಹೋದಂತೆ 2 ಸೂತ
- ಒಂದು ಪಕ್ಕೆಲುಬಿನ ನಡುವಿನಿಂದ ಮುಂದಿನದರ ನಡುವಿಗೆ: 6 ಸೂತ
- ಹೊರಹಲಗೆ: ಅಗಲ 3 ಸೂತ, ದಪ್ಪ 1 ಸೂತ
- ಅಟ್ಟದ ಅಡ್ಡತೊಲೆ: 2 ಸೂತ ಚೌಕ
- ಅಟ್ಟದ ಹಲಗೆ: ಅಗಲ 2 ಸೂತ, ದಪ್ಪ ಅರ್ಧ ಸೂತ

ಏಳು ಪಕ್ಕೆಲುಬು ಸಾಕು. ಆಗ ತುಂಡಿನ ಉದ್ದ 38 ಸೂತ, ಅಂದರೆ 4¾ ಇಂಚು. ನಿಜದ ಹಡಗಿನಲ್ಲಿ ಇದು ಒಂಬತ್ತೂವರೆ ಅಡಿ. ಹಡಗಿನ ನಡುಮಧ್ಯದಲ್ಲಿ ಇಷ್ಟು ಉದ್ದಕ್ಕೆ ಆಕಾರ ಹೆಚ್ಚೇನೂ ಬದಲಾಗದು. ಆದ್ದರಿಂದ ಏಳೂ ಪಕ್ಕೆಲುಬನ್ನು ಒಂದೇ ಅಚ್ಚಿನಲ್ಲಿ ತೆಗೆಯಬಹುದು. ಇಡೀ ಕೆಲಸ ಹಗುರಾಗುವುದು ಈ ಒಂದು ಕಾರಣಕ್ಕೆ.

ಯಾವ ಕಟ್ಟಿಗೆ, ಎಲ್ಲಿಂದ?

ಹುಬ್ಬಳ್ಳಿ-ಧಾರವಾಡದವರಿಗೆ ಕಟ್ಟಿಗೆಯ ಬರವಿಲ್ಲ. ದಾಂಡೇಲಿಯ ಸಾಗವಾನಿ ಹತ್ತಿರದಲ್ಲೇ ಇದೆ. ಕಲಘಟಗಿಯ ಚಿತ್ರಗಾರರ ಬಣ್ಣದ ತೊಟ್ಟಿಲುಗಳೂ ಸಾಗವಾನಿಯವೇ. ಮಾದರಿಗೆ ಹೊಸ ತೊಲೆ ಕೊಳ್ಳುವ ಅಗತ್ಯವಿಲ್ಲ. ಫರ್ನಿಚರ್ ಮಾಡುವ ಯಾವುದೇ ಬಡಗಿಯ ಹತ್ತಿರ ಮೊಳದುದ್ದದ ತುಕಡಿಗಳು ರಾಶಿ ಬಿದ್ದಿರುತ್ತವೆ. ಹಳೆ ಮನೆ ಕೆಡವಿದಾಗ ಸಿಗುವ ಬಾಗಿಲು, ಚೌಕಟ್ಟಿನ ಮರ ಇನ್ನೂ ಒಳ್ಳೆಯದು. ಹತ್ತಾರು ವರ್ಷ ಒಣಗಿದ ಆ ಕಟ್ಟಿಗೆ ಇನ್ನು ಸೊಟ್ಟಗಾಗುವುದು ಕಡಿಮೆ. ಗರಗಸಕ್ಕೆ ಕೊಡುವ ಮುಂಚೆ ಒಳಗೆ ಮುರಿದ ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿಕೊಳ್ಳಿ. ಕಾಡಿನಿಂದ ಕಡಿದು ತಂದದ್ದು ಎಂಬ ಅನುಮಾನವಿದ್ದರೆ ಆ ಮಾಲು ಮುಟ್ಟಬೇಡಿ.

ಸಾಗವಾನಿಗೆ ಒಂದು ದೋಷವಿದೆ. ಅದರ ಎಳೆ ದೊಡ್ಡದು, ರಂಧ್ರ ಅಗಲ. ಇಪ್ಪತ್ನಾಲ್ಕು ಪಟ್ಟು ಕಿರಿದಾದ ಮಾದರಿಯಲ್ಲಿ ಅದು ಒರಟಾಗಿ ಎದ್ದು ಕಾಣುತ್ತದೆ. ಹಾಗಾಗಿ ತಳದ ತೊಲೆ, ಹೊರಹಲಗೆಗಳಿಗೆ ಆದಷ್ಟು ಸಣ್ಣ ಎಳೆಯ ಸಾಗವಾನಿ ಆರಿಸಿ. ಪಕ್ಕೆಲುಬಿಗೆ ನುಣುಪಾದ ತಿಳಿ ಬಣ್ಣದ ಮರ ಬಳಸಿ. ಹಳದಿ ಬಣ್ಣದ ಹೆದ್ದಿ, ಅಂದರೆ ಅರಿಶಿನ ತೇಗ, ಸಿಕ್ಕರೆ ಅದಕ್ಕಿಂತ ಉತ್ತಮ ಇನ್ನಿಲ್ಲ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರವೂ ನಡೆಯುತ್ತದೆ. ಎರಡು ಬಣ್ಣದ ಕಟ್ಟಿಗೆ ಇದ್ದರೆ ಯಾವುದು ಎಲುಬು, ಯಾವುದು ಹಲಗೆ ಎಂಬುದು ನೋಡುವವರಿಗೆ ಹೇಳದೆಯೇ ತಿಳಿಯುತ್ತದೆ.

ಪಕ್ಕೆಲುಬಿಗೆ 1 ಸೂತ ದಪ್ಪ, 1 ಇಂಚು ಅಗಲದ ಪಟ್ಟಿ 30 ಅಡಿ, ಜೊತೆಗೆ ಒಂದೂವರೆ ಇಂಚು ಅಗಲದ್ದು ಐದಾರು ಅಡಿ; ಹೊರಹಲಗೆಗೆ 3 ಸೂತ ಅಗಲದ್ದು 25 ಅಡಿ. ಹಾಳಾಗುವುದನ್ನೂ ಸೇರಿಸಿ ಇಷ್ಟು ಸಾಕಾಗುತ್ತದೆ. ತೆಳು ಪಟ್ಟಿ ಕೊಯ್ಯುವುದು ಅಪಾಯದ ಕೆಲಸ. ಅದನ್ನು ಸಾಮಿಲ್ಲಿನಲ್ಲಿ ಪಳಗಿದವರಿಂದಲೇ ಮಾಡಿಸಿ. ಉಜ್ಜಿದಾಗ ಸವೆಯುವುದನ್ನು ಲೆಕ್ಕ ಹಿಡಿದು ಸ್ವಲ್ಪ ದಪ್ಪಗೇ ಕೊಯ್ಯಿಸಿ. ತಂದ ಪಟ್ಟಿಗಳನ್ನು ಮನೆಯೊಳಗೆ ಎರಡು ಮೂರು ವಾರ ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿಡಿ. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿಯೇ ಹಿಗ್ಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಉಬ್ಬಿದ ಹಲಗೆ ಕೂಡಿಸಿದರೆ ಏಪ್ರಿಲ್ ಬಿಸಿಲಿಗೆ ಸಂದು ಬಾಯಿ ಬಿಡುತ್ತದೆ. ದೀಪಾವಳಿ ಮುಗಿದ ಮೇಲೆ ಹಲಗೆ ಕೂಡಿಸಲು ಹಿಡಿದರೆ ಈ ಚಿಂತೆ ಕಡಿಮೆ.

ಸಲಕರಣೆ

ಫ್ರೆಟ್‌ಸಾ ಮತ್ತು ಅದರ ಹತ್ತಾರು ಬ್ಲೇಡು, ಸಣ್ಣ ಹಲ್ಲಿನ ಗರಗಸ, ಕಾಲು ಮತ್ತು ಅರ್ಧ ಇಂಚಿನ ಉಳಿ, ಚಪ್ಪಟೆ ಹಾಗೂ ಅರೆಗುಂಡಗಿನ ಅರ, ಉಕ್ಕಿನ ಸ್ಕೇಲು, ಮೂಲೆಮಟ್ಟ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲು ಮತ್ತು 1 ಮಿ.ಮೀ. ಬಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು ಡಜನ್. ಉಜ್ಜುವ ಕಾಗದ 120, 180, 320 ನಂಬರಿನವು ಬೇಕು. ಅಂಟಿಗೆ ಬಡಗಿಗಳು ಬಳಸುವ ಬಿಳಿ ಫೆವಿಕಾಲ್ ಸಾಕು. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಜಾಗವನ್ನು ಮೊದಲು ಥಿನ್ನರ್‌ನಲ್ಲಿ ಒರೆಸಿ ಆರಲು ಬಿಡಿ. ಸಾಗವಾನಿಯ ಧೂಳು ಮೂಗು-ಗಂಟಲಿಗೆ ಒಗ್ಗುವುದಿಲ್ಲ. ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಇಲ್ಲವೇ ಗಚ್ಚಿಯ ಮೇಲೆ ಕೂತು ಉಜ್ಜಿ.

ನಕ್ಷೆ

ಗ್ರಾಫ್ ಹಾಳೆಯ ನಡುವೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅಡಿಯಲ್ಲಿ ಅಡ್ಡ ಗೆರೆ ಹಾಕಿ, ಅದು ಕೀಲಿನ ಮೇಲ್ಮೈ. ಅಲ್ಲಿಂದ ಮೇಲಕ್ಕೆ ಅಳೆಯುತ್ತ, ನಡುಗೆರೆಯಿಂದ ಒಂದು ಪಕ್ಕಕ್ಕೆ ಈ ಚುಕ್ಕಿಗಳನ್ನಿಡಿ. ಇದು ಹಲಗೆಯ ದಪ್ಪ ಬಿಟ್ಟು, ಪಕ್ಕೆಲುಬಿನ ಹೊರಮೈಯ ಲೆಕ್ಕ:

- ಎತ್ತರ 0: ಪಕ್ಕಕ್ಕೆ ¼ ಇಂಚು
- ½ ಇಂಚು: 1¾ ಇಂಚು
- 1 ಇಂಚು: 3 ಇಂಚು
- 1½ ಇಂಚು: 3⅞ ಇಂಚು
- 2 ಇಂಚು: 4½ ಇಂಚು
- 3 ಇಂಚು: 5⅛ ಇಂಚು
- 4 ಇಂಚಿನಿಂದ 7 ಇಂಚಿನವರೆಗೆ: 5¼ ಇಂಚು

ಬಾಗುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಚುಕ್ಕಿಗಳಿಗೆ ತಾಗಿಸಿ ಹಿಡಿದು ನಯವಾದ ಗೆರೆ ಎಳೆಯಿರಿ. ಚುಕ್ಕಿಯೊಂದು ಕೂದಲೆಳೆಯಷ್ಟು ಹೊರಗೆ ಉಳಿದರೆ ಉಳಿಯಲಿ. ಗೆರೆ ಎಲ್ಲೂ ಗಂಟು ಬೀಳದೆ ಹರಿಯುವುದೇ ಮುಖ್ಯ. ಹಾಳೆಯನ್ನು ನಡುಗೆರೆಯ ಮೇಲೆ ಮಡಚಿ ಇನ್ನೊಂದು ಪಕ್ಕಕ್ಕೆ ಇಳಿಸಿಕೊಂಡರೆ ಎರಡೂ ಬದಿ ಒಂದೇ ಸಮ ಬರುತ್ತವೆ. ಒಳಗೆರೆಯನ್ನು ತಳದಲ್ಲಿ 3 ಸೂತ, ತುದಿಯಲ್ಲಿ 2 ಸೂತ ಬಿಟ್ಟು ಎಳೆಯಿರಿ. ಪಕ್ಕೆಲುಬಿನ ಎರಡೂ ತುದಿಯನ್ನು 7 ಇಂಚಿಗಿಂತ ಅರ್ಧ ಇಂಚು ಮೇಲಕ್ಕೆ ಬೆಳೆಸಿಡಿ, ಕಾರಣ ಮುಂದೆ ಗೊತ್ತಾಗುತ್ತದೆ. ಝೆರಾಕ್ಸ್ ಹತ್ತು ಪ್ರತಿ ತೆಗೆಸಿ. ಯಂತ್ರ ಅಳತೆಯನ್ನು ತುಸು ಹಿಗ್ಗಿಸುವುದೋ ಕುಗ್ಗಿಸುವುದೋ ಉಂಟು, ಆದ್ದರಿಂದ ಪ್ರತಿಯ ಮೇಲೆ ಸ್ಕೇಲಿಟ್ಟು ನೋಡಿ.

ಪಕ್ಕೆಲುಬು

ಅಗಲವಾದ ಒಂದೇ ಹಲಗೆಯಿಂದ ಇಡೀ ಪಕ್ಕೆಲುಬನ್ನು ಕೊರೆದು ತೆಗೆದರಾಯಿತಲ್ಲ ಎನಿಸಬಹುದು. ತೆಗೆಯಬಹುದು, ಆದರೆ ನಿಲ್ಲುವುದಿಲ್ಲ. ಬಾಗಿದ ಕಡೆ ಎಳೆ ಅಡ್ಡ ಬರುತ್ತದೆ, ಹೆಬ್ಬೆರಳ ಒತ್ತಿಗೆ ಅಲ್ಲೇ ಮುರಿಯುತ್ತದೆ. ‘ಎಳಿ ನೋಡಿ ಕೊಯ್ರಿ’ ಎಂದು ಬಡಗಿಗಳು ಹೇಳುವುದು ಇದಕ್ಕೇ. ನಿಜದ ಹಡಗಿನವರು ಹುಟ್ಟಾ ಬಾಗಿದ ಕೊಂಬೆಗಳನ್ನು ಹುಡುಕಿ ತರುತ್ತಿದ್ದರು, ಸಾಲದ ಕಡೆ ತುಂಡು ಜೋಡಿಸುತ್ತಿದ್ದರು. ನಾವೂ ಹಾಗೇ ಮಾಡೋಣ.

ಪ್ರತಿ ಪಕ್ಕೆಲುಬು ಒಂದೊಂದು ಸೂತದ ಎರಡು ಪದರ. ಮೊದಲ ಪದರದಲ್ಲಿ ಐದು ತುಂಡು: ಕೀಲಿನ ಮೇಲೆ ಅಡ್ಡ ಕೂರುವ 6 ಇಂಚಿನ ತಳದ ತುಂಡು ಒಂದು, ಅದರ ತುದಿಯಿಂದ 4 ಇಂಚು ಎತ್ತರದವರೆಗೆ ಪಕ್ಕಕ್ಕೊಂದು, ಅಲ್ಲಿಂದ ಮೇಲಕ್ಕೆ ಪಕ್ಕಕ್ಕೊಂದು. ಎರಡನೆಯ ಪದರದಲ್ಲಿ ನಾಲ್ಕು: ನಡುಗೆರೆಯಿಂದ 2 ಇಂಚು ಎತ್ತರದವರೆಗೆ ಪಕ್ಕಕ್ಕೊಂದು, ಅಲ್ಲಿಂದ ತುದಿಯವರೆಗೆ ಪಕ್ಕಕ್ಕೊಂದು. ಹೀಗೆ ಮಾಡಿದರೆ ಒಂದು ಪದರದ ಸಂದಿನ ಮೇಲೆ ಇನ್ನೊಂದರ ಗಟ್ಟಿ ಕಟ್ಟಿಗೆ ಬರುತ್ತದೆ. ಪಕ್ಕೆಲುಬಿಗೆ ಒಂಬತ್ತು ತುಂಡು, ಏಳಕ್ಕೆ 63. ಪ್ರತಿ ತುಂಡಿನಲ್ಲೂ ಎಳೆ ಅದರ ಉದ್ದಕ್ಕೇ ಓಡುತ್ತಿರಬೇಕು. ತಳದ ತುಂಡಿಗೆ ಮಾತ್ರ ಒಂದೂವರೆ ಇಂಚು ಅಗಲದ ಪಟ್ಟಿ ಬೇಕು, ಉಳಿದವಕ್ಕೆ ಒಂದಿಂಚು ಸಾಕು.

ಜೋಡಿಸಲು ಒಂದು ಪ್ಲೈವುಡ್ ತುಂಡಿನ ಮೇಲೆ ನಕ್ಷೆ ಅಂಟಿಸಿ, ಮೇಲೆ ಪ್ಯಾಕಿಂಗ್ ಟೇಪು ಎಳೆಯಿರಿ. ಟೇಪಿನ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ತುಂಡುಗಳನ್ನು ಗೆರೆಗಿಂತ ತುಸು ದಪ್ಪಗೆ ಕೊಯ್ದು, ತುದಿಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಸಂದು ಕೂಡುವವರೆಗೆ ಉಜ್ಜಿ. ಮೊದಲ ಪದರ ಹಾಸಿ, ಎರಡನೆಯದಕ್ಕೆ ಅಂಟು ಸವರಿ ಮೇಲೆ ಕೂಡಿಸಿ, ಸುತ್ತ ಕ್ಲಿಪ್ಪು ಹಾಕಿ, ರಾತ್ರಿಯಿಡೀ ಬಿಡಿ. ಮರುದಿನ ಮೇಲೆ ನಕ್ಷೆಯ ಪ್ರತಿ ಅಂಟಿಸಿ ಫ್ರೆಟ್‌ಸಾದಲ್ಲಿ ಗೆರೆಯ ಹೊರಗೆ ಕೊಯ್ಯಿರಿ. ಏಳೂ ಸಿದ್ಧವಾದ ಮೇಲೆ ಒಟ್ಟಿಗೆ ಜೋಡಿಸಿ ಬಿಗಿದು, ಹೊರಮೈಯನ್ನು ಒಂದೇ ದಿಮ್ಮಿ ಎಂಬಂತೆ ಅರ ಹಾಕಿ ಉಜ್ಜಿ. ಏಳರ ನಡುಗೆರೆಯನ್ನೂ ಆಗಲೇ ಗುರುತು ಹಾಕಿಕೊಳ್ಳಿ. ಇಲ್ಲಿ ಕಳೆದ ಒಂದು ಸಂಜೆ ಮುಂದೆ ಹಲಗೆ ಕೂಡಿಸುವಾಗ ಒಂದು ವಾರ ಉಳಿಸುತ್ತದೆ.

ತಲೆಕೆಳಗಾಗಿ ನಿಲ್ಲಿಸುವುದು

ಬೆಳೆಸಿಟ್ಟ ಅರ್ಧ ಇಂಚಿನ ತುದಿಗಳಿಗೆ ಈಗ ಕೆಲಸ. ಪ್ರತಿ ಪಕ್ಕೆಲುಬಿನ ಎರಡು ತುದಿಗೂ ಸೇರಿಸಿ ಒಂದು ನೇರ ಅಡ್ಡಪಟ್ಟಿ ಅಂಟಿಸಿ. ಎಲ್ಲ ಅಡ್ಡಪಟ್ಟಿಗಳೂ ಕೀಲಿನ ಮೇಲ್ಮೈಯಿಂದ ಒಂದೇ ದೂರದಲ್ಲಿರಬೇಕು. ದಪ್ಪ ಪ್ಲೈವುಡ್ ಮೇಲೆ ನಡುಗೆರೆ ಎಳೆದು, ಅದಕ್ಕೆ ಅಡ್ಡಲಾಗಿ 6 ಸೂತಕ್ಕೊಂದು ಗೆರೆ ಹಾಕಿ. ಪಕ್ಕೆಲುಬುಗಳನ್ನು ಬೋರಲು ಮಾಡಿ ಅಡ್ಡಪಟ್ಟಿಯನ್ನು ಗೆರೆಗೆ ಹೊಂದಿಸಿ ಸ್ಕ್ರೂ ಹಾಕಿ. ಮೂಲೆಮಟ್ಟ ಹಿಡಿದು ಪ್ರತಿಯೊಂದೂ ನೆಟ್ಟಗಿದೆಯೇ ನೋಡಿ. ನಡುವೆ 4 ಸೂತದ ತುಂಡುಗಳನ್ನು ತುರುಕಿದರೆ ಅಂತರ ತಪ್ಪುವುದಿಲ್ಲ.

ಈಗ ಮೇಲೆ ಕಾಣುವ ತಳದ ಉದ್ದಕ್ಕೂ ಕೀಲನ್ನು ಇಟ್ಟು ಅಂಟಿಸಿ, ಪ್ರತಿ ಪಕ್ಕೆಲುಬಿಗೂ ತೂತು ಕೊರೆದು ಬಿದಿರು ಕಡ್ಡಿಯ ಗೂಟ ಹೊಡೆಯಿರಿ. ಅಗರಬತ್ತಿಯ ಕಡ್ಡಿಯನ್ನು ಉಜ್ಜಿ ಸಣ್ಣ ಮಾಡಿದರೂ ನಡೆಯುತ್ತದೆ. ಕೀಲನ್ನು ಎರಡೂ ಕಡೆ ಕಾಲು ಇಂಚು ಉದ್ದ ಬಿಟ್ಟಿರಿ, ಕೊನೆಗೆ ಕೊಯ್ಯಬಹುದು.

ಹಲಗೆ ಕೂಡಿಸುವುದು

ಒಂದು ಕಾಗದದ ಪಟ್ಟಿಯನ್ನು ಕೀಲಿನ ಅಂಚಿನಿಂದ ಪಕ್ಕೆಲುಬಿನ 7 ಇಂಚಿನ ಗುರುತಿನವರೆಗೆ ಮೈಗೆ ಅಂಟಿದಂತೆ ಹಿಡಿದು ಅಳೆಯಿರಿ. ಸುಮಾರು 10 ಇಂಚು, ಅಂದರೆ 80 ಸೂತ ಬರುತ್ತದೆ. ಹಲಗೆಗೆ 3 ಸೂತದಂತೆ 26-27 ಹಲಗೆ. ಆ ಕಾಗದವನ್ನೇ ಸಮನಾಗಿ ಭಾಗ ಮಾಡಿ ಗುರುತುಗಳನ್ನು ಎರಡು ತುದಿಯ ಪಕ್ಕೆಲುಬುಗಳಿಗೆ ಇಳಿಸಿಕೊಳ್ಳಿ. ಪ್ರತಿ ಹಲಗೆ ತನ್ನ ಗುರುತಿಗೆ ಕೂರುತ್ತಿದ್ದರೆ ಸಣ್ಣ ತಪ್ಪುಗಳು ಒಟ್ಟಾಗಿ ಕೊನೆಯಲ್ಲಿ ದೊಡ್ಡ ಸಂದಾಗುವುದಿಲ್ಲ.

ಕೀಲಿನ ಪಕ್ಕದ ಹಲಗೆಯನ್ನು ಮೊದಲು ಕೂಡಿಸಿ. ಅದರ ಅಂಚನ್ನು ಓರೆ ಉಜ್ಜಿದರೆ ಕೀಲಿಗೆ ಬಿಗಿಯಾಗಿ ಒರಗುತ್ತದೆ. ಆಮೇಲೆ ಮೇಲಿನ ಅಂಚಿನಿಂದ ಒಂದು, ತಳದಿಂದ ಒಂದು ಎಂದು ಎರಡೂ ಕಡೆಯಿಂದ ಬನ್ನಿ. ಕೊನೆಯ ಹಲಗೆ ನೆಟ್ಟಗಿರುವ ಪಕ್ಕದ ಗೋಡೆಯಲ್ಲಿ ಬರುವಂತೆ ನೋಡಿಕೊಳ್ಳಿ. ಹೊಟ್ಟೆಯ ತಿರುವಿನಲ್ಲಿ ಬಂದರೆ ಅದನ್ನು ಹೊಂದಿಸುವುದು ಕಷ್ಟ.

ತಿರುವಿನಲ್ಲಿಯೇ ನಿಮ್ಮ ತಾಳ್ಮೆಯ ಪರೀಕ್ಷೆ. ಅಲ್ಲಿ ಚಪ್ಪಟೆ ಹಲಗೆಯ ಒಳಮೈ ಪಕ್ಕೆಲುಬಿನ ಡುಬ್ಬದ ಮೇಲೆ ಅತ್ತಿತ್ತ ಆಡುತ್ತದೆ. ಪಕ್ಕೆಲುಬಿನ ಹೊರಮೈಗೆ ಮೆತ್ತನೆಯ ಪೆನ್ಸಿಲ್ ಚೆನ್ನಾಗಿ ತಿಕ್ಕಿ, ಹಲಗೆಯನ್ನು ಅದರ ಮೇಲಿಟ್ಟು ಒತ್ತಿ ಎತ್ತಿ. ಹಲಗೆಯ ಒಳಗೆ ಏಳು ಕರಿ ಮಚ್ಚೆ ಮೂಡಿರುತ್ತವೆ. ಗುಂಡು ಕಡ್ಡಿಗೆ ಸುತ್ತಿದ ಉಜ್ಜುಕಾಗದದಿಂದ ಆ ಮಚ್ಚೆ ಇರುವಲ್ಲಿ ಮಾತ್ರ ತೆಗೆಯಿರಿ. ಮತ್ತೆ ಒತ್ತಿ, ಮತ್ತೆ ನೋಡಿ. ಮಚ್ಚೆ ಚುಕ್ಕಿಯಾಗಿದ್ದದ್ದು ಪಟ್ಟೆಯಾಗಿ ಹರಡಿದಾಗ ಹಲಗೆ ಮೈಗೆ ಕೂತಿತೆಂದು ಅರ್ಥ. ಅಂಟು ಹಚ್ಚುವ ಮೊದಲು ಕರಿ ಒರೆಸಿಬಿಡಿ. ಪಕ್ಕದ ಹಲಗೆಗೆ ತಾಗುವ ಅಂಚನ್ನೂ ಸ್ವಲ್ಪ ಓರೆ ಮಾಡಿದರೆ ಹೊರಗೆ ಸಂದು ಬಾಯಿ ಬಿಡುವುದಿಲ್ಲ.

ಹಲಗೆಗಳು 4¾ ಇಂಚಿಗಿಂತ ತುಸು ಉದ್ದವಿರಲಿ. ನಿಜದ ಹಡಗಿನಲ್ಲಿ ಹಲಗೆಗೆ ಹಲಗೆ ಕೂಡುವ ಸಂದು ಯಾವಾಗಲೂ ಪಕ್ಕೆಲುಬಿನ ಮೇಲೆಯೇ ಬರುತ್ತದೆ. ಅದೇ ಪಕ್ಕೆಲುಬಿನ ಮೇಲೆ ಇನ್ನೊಂದು ಸಂದು ಬರಬೇಕಾದರೆ ನಡುವೆ ಮೂರು ಹಲಗೆಯಾದರೂ ಇರಬೇಕೆಂಬುದು ಹಳೆಯ ನಿಯಮ. ಹಾಗೆ ಎರಡು ಮೂರು ಸಂದು ತೋರಿಸಿದರೆ ಮಾದರಿಗೆ ಜೀವ ಬರುತ್ತದೆ. ಒಂದು ಬದಿಗೆ ಪೂರ್ತಿ ಹಲಗೆ ಹಾಕಿ, ಇನ್ನೊಂದು ಬದಿಗೆ ತಿರುವಿನವರೆಗೆ ಮಾತ್ರ ಹಾಕಿ ಬಿಡಿ. ಪಕ್ಕೆಲುಬಿನ ಕೆಲಸ ಅಲ್ಲಿ ಕಾಣಲಿ.

ಮೊಳೆ, ಸಂದು, ಸುಣ್ಣ

ಪ್ರತಿ ಹಲಗೆ ಪ್ರತಿ ಪಕ್ಕೆಲುಬಿಗೆ ಎರಡು ಮೊಳೆಯಿಂದ ಕೂತಿರುತ್ತದೆ. ಗಾರೆ ಕೆಲಸದವರು ಕಬ್ಬಿಣದ ಸಲಾಕೆ ಕಟ್ಟಲು ಬಳಸುವ 1 ಮಿ.ಮೀ. ಕರಿ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು. ಮಾದರಿಯ 1 ಮಿ.ಮೀ. ಎಂದರೆ ನಿಜದಲ್ಲಿ ಸುಮಾರು ಒಂದು ಇಂಚಿನ ಮೊಳೆತಲೆ. ತೂತು ಕೊರೆದು, ತುಂಡು ತಂತಿ ಸೇರಿಸಿ, ಹಲಗೆಯ ಮಟ್ಟಕ್ಕೆ ಅರ ಹಾಕಿ. ತೂತುಗಳು ಒಂದೇ ಸಾಲಿನಲ್ಲಿರಲಿ. ಹಲಗೆ ಸೊಟ್ಟಗಿದ್ದರೆ ಕಣ್ಣಿಗೆ ತಡವಾಗಿ ಬೀಳುತ್ತದೆ, ಮೊಳೆಸಾಲು ಸೊಟ್ಟಗಿದ್ದರೆ ಬೇಗ.

ಸಂದುಗಳಲ್ಲಿ ನೀರು ಬಾರದಂತೆ ಹತ್ತಿಯನ್ನೋ ನಾರನ್ನೋ ಎಣ್ಣೆ-ರಾಳದ ಜೊತೆ ತುರುಕುವುದು ಹಡಗಿನವರ ಪದ್ಧತಿ. ಮಾದರಿಯಲ್ಲಿ ಪ್ರತಿ ಹಲಗೆಯ ಒಂದು ಅಂಚಿಗೆ ಪೆನ್ಸಿಲ್ ತಿಕ್ಕಿ ಕೂಡಿಸಿದರೆ ಆ ಕರಿಗೆರೆ ಸಿಗುತ್ತದೆ. ಹಡಗಿನ ತಳಕ್ಕೆ ಸುಣ್ಣ ಮತ್ತು ಎಣ್ಣೆ ಕಲಸಿದ ಲೇಪ ಬಳಿಯುತ್ತಿದ್ದರು, ಕೊರೆಯುವ ಹುಳುಗಳ ಕಾಟ ತಪ್ಪಲೆಂದು. ನೀರಿನ ಮಟ್ಟದ ಕೆಳಗೆ ಹೊಳಪಿಲ್ಲದ ಮಾಸಲು ಬಿಳಿ ಬಣ್ಣ ಹಚ್ಚಿದರೆ ಅದೇ ನೋಟ ಬರುತ್ತದೆ. ಕಟ್ಟಿಗೆಯ ಚೆಲುವು ಮುಚ್ಚುವುದು ಬೇಡವೆಂದರೆ ಒಂದೇ ಬದಿಗೆ ಹಚ್ಚಿ.

ಒಳಗಿನ ಕೆಲಸ ಮತ್ತು ಅಟ್ಟ

ಹೊರಹಲಗೆ ಮುಗಿದ ಮೇಲೆ ಪ್ಲೈವುಡ್ಡಿನಿಂದ ಬಿಡಿಸಿ ನೇರ ಮಾಡಿ. ಅಡ್ಡಪಟ್ಟಿಗಳನ್ನು ಈಗಲೇ ತೆಗೆಯಬೇಡಿ, ತೆಗೆದರೆ ಗೋಡೆಗಳು ಹೊರಕ್ಕೆ ಬಿರಿಯಬಹುದು. ಮೊದಲು ಕೀಲಿನ ನೇರಕ್ಕೆ ಒಳಗಡೆ, ಪಕ್ಕೆಲುಬುಗಳ ಮೇಲೆ ಇನ್ನೊಂದು ತೊಲೆ ಕೂಡಿಸಿ. ಕೀಲು ಕೆಳಗೆ, ಇದು ಮೇಲೆ, ನಡುವೆ ಪಕ್ಕೆಲುಬು ಸಿಕ್ಕಿಕೊಂಡು ಬಿಗಿಯಾಗುತ್ತದೆ. ನಂತರ ಎರಡೂ ಗೋಡೆಯ ಒಳಮೈಗೆ ಅಟ್ಟದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಉದ್ದಕ್ಕೂ ಒಂದು ದಪ್ಪ ಪಟ್ಟಿ ಅಂಟಿಸಿ. ಅಡ್ಡತೊಲೆಗಳು ಇದರ ಮೇಲೆ ಕೂರುತ್ತವೆ.

ಹಳ್ಳಿಯ ಜಂತಿಮನೆಯ ಮಾಳಿಗೆ ನೋಡಿದವರಿಗೆ ಅಟ್ಟದ ರಚನೆ ಬಿಡಿಸಿ ಹೇಳಬೇಕಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಹಲಗೆ. ಎರಡೇ ವ್ಯತ್ಯಾಸ. ಒಂದು, ಹಡಗಿನ ಅಡ್ಡತೊಲೆ ನಡುವಿನಲ್ಲಿ ಉಬ್ಬಿರುತ್ತದೆ, ಮೇಲೆ ಬಿದ್ದ ನೀರು ಎರಡೂ ಬದಿಗೆ ಹರಿಯಲೆಂದು. ಮಾದರಿಯಲ್ಲಿ 2 ಸೂತ ಉಬ್ಬು ಸಾಕು. ಎರಡು, ತೊಲೆ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಮಡಿಸಿದ ಮೊಣಕೈಯಂಥ ತುಂಡು ಇರಬೇಕು. ಹಡಗು ಅಲೆಗೆ ಅತ್ತಿತ್ತ ಹೊರಳುವಾಗ ಆ ಮೂಲೆ ಸಡಿಲವಾಗದಂತೆ ತಡೆಯುವುದು ಇದೇ. ಈ ತುಂಡುಗಳಲ್ಲಿ ಎಳೆ ಮೂಲೆಗೆ ಓರೆಯಾಗಿ ಓಡುವಂತೆ ಕೊಯ್ಯಿರಿ.

ಅಡ್ಡತೊಲೆ, ಮೊಣಕೈ ಎಲ್ಲ ಒಣಗಿದ ಮೇಲೆ ಅಡ್ಡಪಟ್ಟಿಗಳನ್ನು ಕೊಯ್ದು ತೆಗೆಯಿರಿ. ಅಟ್ಟದ ಹಲಗೆಯನ್ನು ಅರ್ಧ ಅಗಲಕ್ಕೆ ಮಾತ್ರ ಹಾಸಿ. ಉಳಿದರ್ಧ ಬಿಟ್ಟರೆ ಕೆಳಗಿನ ಉಗ್ರಾಣ ಕಾಣುತ್ತದೆ. ಎರಡು ತುದಿಯಲ್ಲಿ ಹೊರಚಾಚಿದ ಕೀಲು, ಹಲಗೆ, ಪಟ್ಟಿಗಳನ್ನೆಲ್ಲ ಸಣ್ಣ ಹಲ್ಲಿನ ಗರಗಸದಿಂದ ಪಕ್ಕೆಲುಬಿನ ಮಟ್ಟಕ್ಕೆ ಕೊಯ್ದು, ಚಪ್ಪಟೆ ಹಲಗೆಗೆ ಅಂಟಿಸಿದ ಉಜ್ಜುಕಾಗದದ ಮೇಲೆ ಇಡೀ ತುದಿಯನ್ನು ತಿಕ್ಕಿ. ಕೊಯ್ದ ಮೈ ಒಂದೇ ಮಟ್ಟಕ್ಕೆ ಬಂದಾಗ ಪ್ರತಿ ಭಾಗದ ದಪ್ಪ, ಅಗಲ, ಎಳೆ ಚಿತ್ರ ಬರೆದಂತೆ ಎದ್ದು ಕಾಣುತ್ತದೆ.

ಮೆರುಗು ಮತ್ತು ಸರಕು

ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಎರಡು ಸಲ ಹಚ್ಚಿ. ಅಡುಗೆಯ ಅಗಸೆ ಎಣ್ಣೆ ಬೇಗ ಒಣಗುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಈ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ ಅಥವಾ ನೀರಲ್ಲಿ ನೆನೆಸಿ ಎಸೆಯಿರಿ.

ಉಗ್ರಾಣಕ್ಕೆ ಹತ್ತಿ ಅಂಡಿಗೆ ಬೇಕಲ್ಲ. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯಲ್ಲಾಗಲಿ ಬೇರೆಲ್ಲಾಗಲಿ ತೆಳು ಖಾದಿ ಬಟ್ಟೆ ಸಿಗುತ್ತದೆ. ಚಹದ ಡಿಕಾಕ್ಷನ್‌ನಲ್ಲಿ ಅದ್ದಿ ಬಣ್ಣ ಇಳಿಸಿ, ಒಂದೂವರೆ ಎರಡು ಇಂಚಿನ ಚೀಲ ಹೊಲಿದು ಹತ್ತಿ ತುಂಬಿ, ದಾರದಿಂದ ಬಿಗಿಯಿರಿ. ಪಕ್ಕದಲ್ಲಿ 2¾ ಇಂಚು ಎತ್ತರದ ಆಳೊಂದನ್ನು ನಿಲ್ಲಿಸಿದರೆ ಐದೂವರೆ ಅಡಿಯ ಮನುಷ್ಯನ ಎದುರು ಈ ಹಡಗು ಎಷ್ಟು ದೊಡ್ಡದೆಂದು ನೋಡುವವರಿಗೆ ಹೊಳೆಯುತ್ತದೆ.

ವಾರಕ್ಕೆ ನಾಲ್ಕೈದು ತಾಸು ಕೊಟ್ಟರೆ ಎಲ್ಲ ಸೇರಿ ಆರೇಳು ತಿಂಗಳ ಕೆಲಸ. ಪೀಠದ ಮೇಲೆ ಕೂಡಿಸಿ ಹೆಸರುಪಟ್ಟಿ ಬರೆಯುವಾಗ 1:24 ಎಂದು ನಮೂದಿಸಿ. ಹೊರಗಿನ ಉದ್ದಗಲ 1834ರ ಬರಹದಿಂದ ಬಂದದ್ದು, ಅಡ್ಡಕೊಯ್ತದ ಆಕಾರ ಮತ್ತು ಒಳಭಾಗಗಳ ಅಳತೆ ಮಾದರಿಗೆಂದು ಹೊಂದಿಸಿಕೊಂಡದ್ದು ಎಂಬುದನ್ನೂ ಬರೆಯಿರಿ. ಶಾಲೆಗೋ ವಸ್ತುಪ್ರದರ್ಶನಕ್ಕೋ ಕೊಡುವವರು ಇದನ್ನು ಮರೆಯಬಾರದು, ನೋಡಿದ ಮಕ್ಕಳು ಅದನ್ನೇ ಖಾತ್ರಿ ಎಂದು ಬರೆದುಕೊಳ್ಳುತ್ತಾರೆ.

ಮುಂದಿನದು ಪೂರ್ತಿ ಪತ್ತೆಮಾರಿ ಆಗಬಹುದು. ಹಲಗೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸುವುದು, ಪ್ರತಿ ಪಕ್ಕೆಲುಬಿಗೂ ಬೇರೆ ನಕ್ಷೆ ಎಳೆಯುವುದು ಆಗ ಹೊಸದಾಗಿ ಕಲಿಯಬೇಕಾದ ವಿದ್ಯೆ. ಉಳಿದದ್ದೆಲ್ಲ ಈ ಐದು ಇಂಚಿನೊಳಗೇ ಕೈಗೆ ಬಂದಿರುತ್ತದೆ.